ಒಲೆಗೆ ಹೋದ ಭೀಮ

ಬಲಿಪಾಡ್ಯದ ಮರುದಿನ ಬೆಳಿಗ್ಗೆ ನಮ್ಮ ಮನೆಯ ದೊಡ್ಡವರೆಲ್ಲ ಕೊಟ್ಟಿಗೆಯಲ್ಲಿ ಆಕಳ ಹಿಂದೆ ಸಾಲಾಗಿ ನಿಂತು ಅದರ ಬಾಲವನ್ನೇ ನೋಡುತ್ತಿದ್ದರು. ಅಳಿಯ ರುದ್ರೇಶನ ಕೈಯಲ್ಲಿ ಬುಟ್ಟಿ ಇತ್ತು. ಆಕಳು ಮಾತ್ರ ಮೆಲುಕು ಹಾಕುತ್ತ ಗೋಡೆ ನೋಡುತ್ತಿತ್ತು. ಇಂಥ ಹೊತ್ತು ನಮಗೆ ಯಾಕೆ ಬಂತು ಎನ್ನುವುದನ್ನು ಮೊದಲಿನಿಂದಲೇ ಹೇಳುತ್ತೇನೆ.

ನಮ್ಮದು ಚಿಗಳ್ಳಿ. ಮಗಳು ದಾನೇಶ್ವರಿಯನ್ನು ಅಂಬಿಕಾನಗರಕ್ಕೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ಕರೆಂಟು ತಯಾರಾಗುವ ಕಡೆ ನೌಕರಿ, ಇರಲು ಕ್ವಾರ್ಟರ್ಸು. ಮನುಷ್ಯ ಬಹಳ ಒಳ್ಳೆಯವನು. ಆದರೆ ತನ್ನ ಪುಟ್ಟ ಮಗಳು ಅತ್ತರೆ ಅವನಿಗೆ ಏನೂ ತೋಚುವುದಿಲ್ಲ, ಕಾರಿನ ಕೀಲಿ ಹುಡುಕತೊಡಗುತ್ತಾನೆ. ಹಿಂದಿನ ದೀಪಾವಳಿಗೆ ಬಂದಾಗ ಮೊಮ್ಮಗಳು ಇಂಚರಾ ಹೊಸ್ತಿಲು ದಾಟಿದಾಗಿನಿಂದ ಅತ್ತಳು. ಎತ್ತು ನೋಡಿ ಅತ್ತಳು, ಕೋಳಿ ನೋಡಿ ಅತ್ತಳು, ನನ್ನ ಮೀಸೆ ನೋಡಿ ಎಲ್ಲಕ್ಕಿಂತ ಜೋರಾಗಿ ಅತ್ತಳು. ನಾನು ಮೀಸೆಯ ಮೇಲೆ ಟವೆಲ್ ಮುಚ್ಚಿಕೊಂಡು ಹೋದೆ. ಬರೇ ಕಣ್ಣು ಕಂಡು ಮತ್ತಷ್ಟು ಹೆದರಿದಳು. ಸಂಜೆಯೊಳಗೆ ಅಳಿಯ ಕಾರು ತಿರುಗಿಸಿದ.

ಹೀಗಾಗಿ ಅಕ್ಕನ ತದಿಗೆ ತಪ್ಪಿತು. ಪಾಡ್ಯ, ಬಿದಿಗೆ ಆದ ಮೇಲೆ ಬರುವ ಆ ದಿನ ಅಕ್ಕ ತಮ್ಮನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗಬೇಕು. ನನ್ನ ಮಗ ಮಲ್ಲೇಶ ಅಂದು ಹೊಸ ಅಂಗಿ ತೊಟ್ಟುಕೊಂಡು, ಮಣೆಯ ಮೇಲೆ ತಾನೇ ಕುಳಿತು, ತಾನೇ ಎದ್ದು ಹೋದ. ಅದನ್ನು ನೋಡಿದ ನನ್ನ ಹೆಂಡತಿ ಶಿವಗಂಗವ್ವ ಈ ವರ್ಷ ಒಂದೇ ಹಟ ಹಿಡಿದಿದ್ದಳು. ಏನೇ ಆಗಲಿ, ಮಗಳು ತದಿಗೆಯ ತನಕ ಇರಬೇಕು.

ಅಳಿಯ ಬಂದವನೇ ಹೇಳಿಬಿಟ್ಟ.

"ಇಂಚು ನಕ್ಕೊಂತ ಇದ್ರ ಇರೂಣ್ರಿ ಮಾವಾರ. ಅಳಾಕ ಚಾಲೂ ಮಾಡಿದ್ಲಂದ್ರ ನಾವು ಹಿಂದಕ್ಕ ಹೊಕ್ಕೇವಿ."

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಸೀನುತ್ತಿರಲಿಲ್ಲ. ನಾನು ಮೀಸೆ ಬೋಳಿಸಿದ್ದೆ. ಮಲ್ಲೇಶ ಕೋಳಿಗಳನ್ನು ಬುಟ್ಟಿ ಮುಚ್ಚಿ ಇಟ್ಟಿದ್ದ. ಗದ್ದಲ ಮಾಡುವವಳು ಒಬ್ಬಳೇ, ಹಳಿಯಾಳದಿಂದ ಬಂದ ನನ್ನ ತಂಗಿ ಗುರುಬಸವ್ವ. ಅವಳು ಪಿಸುಗುಟ್ಟಿದರೆ ಆಚೆ ಓಣಿಯವರು ಓಗೊಡುತ್ತಾರೆ. ಜೊತೆಗೆ ಮೊಮ್ಮಗ ಮಾಲತೇಶನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಆರು ವರ್ಷ, ಇಂಚರಾಳಿಗಿಂತ ತುಸು ದೊಡ್ಡವನು.

ಪಾಡ್ಯದ ಬೆಳಿಗ್ಗೆ ನಮ್ಮ ಕಡೆ ಆಕಳ ಸಗಣಿಯಿಂದ ಪಾಂಡವರನ್ನು ಮಾಡುತ್ತಾರೆ. ಗೋಪುರದ ಹಾಗೆ ಎತ್ತರಕ್ಕೆ ಮೆತ್ತಿ, ತಲೆಗೆ ಚೆಂಡುಹೂ, ಉತ್ತರಾಣಿ ಕಡ್ಡಿ ಚುಚ್ಚಿ, ಬಾಗಿಲ ಬದಿಗೆ ಕೂರಿಸಿ ಪೂಜೆ ಮಾಡಿ, ಸಂಜೆಗೆ ಮಾಳಿಗೆಯ ಮೇಲೆ ಏರಿಸುತ್ತಾರೆ. ಅತ್ತಿಗೆ ನಾದಿನಿ ಅಂಗಳದಲ್ಲಿ ಕುಳಿತು ಮಾಡುತ್ತಿದ್ದರು. ಇಂಚರಾ ಮೂಗು ಹಿಡಿದುಕೊಂಡು ಕಂಬದ ಮರೆಯಲ್ಲಿ ನಿಂತಿದ್ದಳು.

"ಛೀ! ಗಲೀಜು!"

"ಗಲೀಜಲ್ಲಲೇ, ಇವ ಅರ್ಜುನ," ಎಂದ ಮಾಲತೇಶ, ಕೈಯಲ್ಲಿದ್ದ ಮುದ್ದೆ ತೋರಿಸಿ.

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂದು?"

"ನೀ ಭೀಮನ್ನ ಮಾಡು. ಭೀಮ ಡೊಳ್ಳ ಹೊಟ್ಟಿಯಂವ."

ಅಷ್ಟೇ. ಮೊಳಕೈ ತನಕ ಸಗಣಿ ಮಾಡಿಕೊಂಡು ಮೊಮ್ಮಗಳು ಭೀಮನನ್ನು ಮಾಡಿದಳು. ದಿನವಿಡೀ ಅವನನ್ನು ಬಿಟ್ಟು ಏಳಲಿಲ್ಲ. ಅವನಿಗೆ ಅವಲಕ್ಕಿ ತಿನ್ನಿಸಿದಳು, ಅಪ್ಪನ ಕನ್ನಡಕ ಹಾಕಿದಳು. ಒಂದು ಸಲವೂ ಅಳಲಿಲ್ಲ. ಶಿವಗಂಗವ್ವ ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ನೋಡಿದಿರಾ ಎಂದಳು.

ಸಂಜೆ ಉಳಿದ ಪಾಂಡವರೆಲ್ಲ ಮಾಳಿಗೆ ಏರಿದರು. ಭೀಮನನ್ನು ಮಾತ್ರ ಅವಳು ಬಿಡಲಿಲ್ಲ.

"ಬ್ಯಾಡಾ, ಅವಗ ಥಂಡಿ ಹತ್ತತೈತಿ. ಅವ ನನ್ನ ಕೂಡ ಮಲಗ್ತಾನ."

ಹಾಸಿಗೆ ಉಳಿಸಲು ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಭೀಮ ಬಚ್ಚಲ ಒಲೆಯ ಮುಂದೆ ಬೆಚ್ಚಗೆ ಮಲಗಲಿ. ಅವಳು ಒಪ್ಪಿ, ಹೂವು ಕಡ್ಡಿ ಎಲ್ಲ ಬಿಚ್ಚಿ, ಗೋಣಿತಟ್ಟಿನ ಮೇಲೆ ಅವನನ್ನು ಮಲಗಿಸಿ, ಜೋ ಜೋ ಎನ್ನುತ್ತ ತಟ್ಟಿದಳು. ಬಹಳ ಹೊತ್ತು ತಟ್ಟಿದಳು. ಒಲೆಗೆ ಉರುವಲಾಗುವ ಸಗಣಿ ಕುಳ್ಳು ತಟ್ಟುವುದೂ ಹಾಗೆಯೇ ಎನ್ನುವುದು ಆಗ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಗೋಪುರದಂತೆ ಇದ್ದ ಭೀಮ ರೊಟ್ಟಿಯಂತಾದ. ಒಲೆಯ ಕಾವಿಗೆ ಚೆನ್ನಾಗಿ ಒಣಗಿದ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ಗುರುಬಸವ್ವ. ಅಳಿಯನಿಗೆ ಬಿಸಿನೀರು ಬೇಕೆಂದು ಒಲೆ ಹೊತ್ತಿಸಿದಳು. ತಾನು ಮಿಂದಳು, ರುದ್ರೇಶ ಮಿಂದ, ಮಲ್ಲೇಶ ಮಿಂದ. "ಇವತ್ತು ನೀರು ಎಷ್ಟ್ ಛಲೋ ಕಾದಾವ್ರಿ ಅತ್ತಿ!" ಎಂದು ಅಳಿಯ ಹೊಗಳಿದ. ಆ ಹೊತ್ತಿಗೆ ಮಾಲತೇಶ ಹಲ್ಲುಜ್ಜುತ್ತ ಬಚ್ಚಲಿಗೆ ಬಂದ.

"ಅಜ್ಜೀ, ಇಲ್ಲಿ ಭೀಮ ಮಲಗಿದ್ನಲ್ಲ, ಎಲ್ಲಿ ಹ್ವಾದ?"

ಗುರುಬಸವ್ವ ಒಲೆಯೊಳಗೆ ಬಗ್ಗಿ ನೋಡಿದಳು. ಬೂದಿ ಇತ್ತು.

ಅವಳ ಬಾಯಿ ತೆರೆದದ್ದು ತೆರೆದೇ ಇತ್ತು, ಆದರೆ ಸದ್ದು ಬರಲಿಲ್ಲ. ನಾನು ಹೆದರಿ ಹತ್ತಿರ ಹೋದೆ.

"ಅಯ್ಯ, ಭೀಮನ್ನ ಸುಟ್ಟೀರೇನ್ರಿ ಅತ್ತಿ!" ಎಂದು ದಾನೇಶ್ವರಿ ಹಣೆ ಹಣೆ ಬಡಿದುಕೊಂಡಳು.

"ನನಗೇನ್ ಗೊತ್ತವ್ವಾ? ಚಪ್ಪಟಿ ಇತ್ತು, ಒಣಗಿತ್ತು, ಒಲಿ ಮುಂದ ಇತ್ತು. ಭೀಮಸೇನಾ ಅಂತ ಕೈ ಮುಗೀಬೇಕಾಗಿತ್ತೇನು?"

"ಹಗೂರ ಮಾತಾಡ್ರಿ, ಇಂಚು ಏಳ್ತಾಳ!"

"ಹಗೂರನ ಮಾತಾಡಾಕತ್ತೇನಿ!" ಎಂದು ಗುರುಬಸವ್ವ ಕಿರುಚಿದಳು.

ರುದ್ರೇಶನ ಕೈ ಆಗಲೇ ಜೇಬಿನಲ್ಲಿ ಕೀಲಿ ಹುಡುಕುತ್ತಿತ್ತು. "ಆಕಿ ಏಳೂದ್ರಾಗ ಹೊಂಟ್ರ ಛಲೋ. ನಿದ್ದಿಯಾಗನ ಎತ್ತಿ ಕಾರಿನ್ಯಾಗ ಹಾಕೂಣು," ಎಂದ. ಶಿವಗಂಗವ್ವ ಬುಟ್ಟಿ ತಂದು ಅಳಿಯನ ಕೈಗೆ ಕೊಟ್ಟಳು.

"ಇನ್ನೊಬ್ಬ ಭೀಮನ್ನ ಮಾಡೂಣು. ನಡೀರಿ ಕೊಟಿಗ್ಯಾಗ."

ಹಾಗೆ ನಾವು ಆಕಳ ಹಿಂದೆ ನಿಂತೆವು. ಅಂದಿನ ಸಗಣಿಯನ್ನೆಲ್ಲ ಆಗಲೇ ತಿಪ್ಪೆಗೆ ಸುರಿದಾಗಿತ್ತು.

"ತಿಪ್ಪಿಯಾಗಿಂದು ತಂದ್ರ ನಡಿಯೂದಿಲ್ಲೇನು?" ಎಂದ ಮಲ್ಲೇಶ.

"ತಿಪ್ಪಿ ಸಗಣೀಲೆ ಯಾರರೆ ಪಾಂಡವರನ್ನ ಮಾಡ್ತಾರೇನಲೇ? ಧರ್ಮರಾಜ ಏನಂದಾನು!" ಎಂದಳು ಗುರುಬಸವ್ವ.

ಮಲ್ಲೇಶ ಆಕಳ ಮುಂದೆ ಹುಲ್ಲು ಹಾಕಿದ. ತಿಂದಿತು. ಹಿಂಡಿ ಕೊಟ್ಟ. ಅದನ್ನೂ ತಿಂದಿತು. ದಾನೇಶ್ವರಿ ಅದರ ಬೆನ್ನು ಸವರಿ, "ನಮ್ಮವ್ವಲ್ಲಾ, ಒಂದೀಟ ಹಾಕವ್ವಾ," ಎಂದು ಬೇಡಿಕೊಂಡಳು. ರುದ್ರೇಶ ಬುಟ್ಟಿ ಹಿಡಿದು ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡ.

"ಭಾವಾರ, ಊರಿಗೆಲ್ಲ ಕರೆಂಟ್ ಮಾಡಿ ಕೊಡ್ತೀರಿ, ಇದಕ್ಕೊಂದು ಸ್ವಿಚ್ ಎಲ್ಲೈತಿ ನೋಡ್ರಿ," ಎಂದ ಮಲ್ಲೇಶ.

"ನಿನ್ನ ಆಕಳ, ನೀನ ಒತ್ತು!"

ಮಾಲತೇಶ ಬಾಗಿಲಲ್ಲಿ ಬಂದು, "ಇಂಚುಗ ಹೇಳಿ ಬರಲ್ಯಾ?" ಎಂದ. ಅವನ ಬಾಯಿಗೆ ಶಿವಗಂಗವ್ವ ಒಂದು ಚಕ್ಕುಲಿ ಇಟ್ಟಳು. ಮತ್ತೆ ಬಾಯಿ ತೆರೆದ, ಮತ್ತೊಂದು ಚಕ್ಕುಲಿ. ಹುಡುಗ ಜಾಣ. ಆಮೇಲೆ ಹೇಳಲು ಏನೂ ಇಲ್ಲದಿದ್ದರೂ ಬಾಯಿ ತೆರೆಯುತ್ತಲೇ ಇದ್ದ.

ಕೊನೆಗೆ ಗುರುಬಸವ್ವನ ತಾಳ್ಮೆ ಮುಗಿಯಿತು. "ಹಾಕತೀಯೋ ಇಲ್ಲೋ!" ಎಂದು ಒಂದೇ ಸಲ ಗುಡುಗಿದಳು. ಆಕಳು ಬೆಚ್ಚಿ ಹಾಕಿಬಿಟ್ಟಿತು. ಆದರೆ ಆ ಕೂಗಿಗೆ ಅಳಿಯನೂ ಬೆಚ್ಚಿ ಬುಟ್ಟಿ ಸರಿಸಿದ್ದ. ಪೂರಾ ಅವನ ಪಾದದ ಮೇಲೆ ಬಿತ್ತು.

"ಅಲ್ಲಾಡಬ್ಯಾಡ್ರಿ!" ಎಂದು ಎಲ್ಲರೂ ಕೂಗಿ, ಅವನ ಕಾಲಿನಿಂದಲೇ ಬಳಿದುಕೊಂಡರು.

ಈಗ ಅದನ್ನು ಒಣಗಿಸಬೇಕಲ್ಲ. ಗುರುಬಸವ್ವ ರೊಟ್ಟಿ ಹಂಚಿನ ಕಡೆ ನೋಡಿದಳು. ಶಿವಗಂಗವ್ವ ಹಂಚನ್ನು ಎದೆಗೆ ಅವಚಿಕೊಂಡು ಅಡುಗೆಮನೆಯ ಮೂಲೆ ಸೇರಿದಳು. ದಾನೇಶ್ವರಿ ತಲೆಕೂದಲು ಒಣಗಿಸುವ ಮಿಷನ್ನು ತಂದಳು. ಅದು ಅರ್ಧ ಗಳಿಗೆ ಭುಸುಗುಟ್ಟಿತು, ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ಅಳಿಯನ ಮುಖ ನೋಡಿದರು.

"ನನ್ನ ಯಾಕ ನೋಡ್ತೀರಿ? ಇದು ನಮ್ಮ ಕಡಿಂದಲ್ಲ!"

ಅಷ್ಟರಲ್ಲಿ ಇಂಚರಾ ಕಣ್ಣುಜ್ಜುತ್ತ ಎದ್ದು ಬಂದಳು. ಒಲೆಯ ಮುಂದೆ, ಗೋಣಿತಟ್ಟಿನ ಮೇಲೆ ಹೊಸ ಭೀಮ. ನಾವೆಲ್ಲ ಅದರ ಸುತ್ತ, ಏನೂ ಗೊತ್ತಿಲ್ಲದವರ ಹಾಗೆ. ಅವಳು ಬಗ್ಗಿ ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು.

"ಇವ ಹಸಿ ಅದಾನ."

"ಜಳಕಾ ಮಾಡ್ಯಾನವ್ವಾ," ಎಂದ ಮಲ್ಲೇಶ.

"ನಿನ್ನೆ ದೊಡ್ಡಂವ ಇದ್ದ."

"ಹಸಿವಿ ಆಗಿ ಸೊರಗ್ಯಾನ," ಎಂದಳು ಗುರುಬಸವ್ವ.

"ಇಲ್ಲವ್ವಾ, ಭೀಮ ಊರಿಗೆ ಹೋಗ್ಯಾನ, ಇವ ಅವನ ತಮ್ಮ," ಎಂದ ರುದ್ರೇಶ, ಅದೇ ಹೊತ್ತಿಗೆ.

ಮಗು ಒಬ್ಬೊಬ್ಬರ ಮುಖ ನೋಡಿತು. ಕೆಳತುಟಿ ನಿಧಾನವಾಗಿ ಹೊರಗೆ ಬಂತು. ಆ ತುಟಿಯನ್ನು ನಾವು ಹಿಂದಿನ ದೀಪಾವಳಿಯಲ್ಲಿ ಚೆನ್ನಾಗಿ ನೋಡಿದ್ದೆವು. ರುದ್ರೇಶ ಕೀಲಿ ಹೊರಗೆ ತೆಗೆದ. ಶಿವಗಂಗವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮಗಳ ಕಡೆ ನೋಡಿದಳು.

ನನಗೆ ಮಾತು ಕಡಿಮೆ. ಆದರೆ ಇಷ್ಟು ಸುಳ್ಳುಗಳ ನಡುವೆ ಮಗು ಯಾವುದನ್ನು ನಂಬಬೇಕು? ನಾನು ಅವಳ ಮುಂದೆ ಕುಳಿತೆ.

"ನಿನ್ನ ಭೀಮ ಒಲಿಯಾಗ ಹ್ವಾದವ್ವಾ. ಹಳಿಯಾಳಜ್ಜಿಗೆ ಗುರ್ತು ಸಿಗಲಿಲ್ಲ. ಕುಳ್ಳು ಅಂತ ಹಾಕಿದ್ಲು."

ಮಾಲತೇಶನ ಬಾಯಲ್ಲಿ ಚಕ್ಕುಲಿ ಮುರಿದ ಸದ್ದು ಮಾತ್ರ ಕೇಳಿಸಿತು.

"ಒಲಿಯಾಗ ಏನ್ ಮಾಡಿದ?" ಎಂದು ಕೇಳಿದಳು ಇಂಚರಾ.

"ನೀರು ಕಾಸಿದ."

"ಆ ನೀರು ಎಲ್ಲೈತಿ?"

"ನಿಮ್ಮಪ್ಪ ಮೈಮ್ಯಾಲ ಹಾಕ್ಕೊಂಡ."

ಅವಳು ಎದ್ದು ಅಪ್ಪನ ಹತ್ತಿರ ಹೋದಳು. ಅವನ ಹೊಟ್ಟೆಗೆ ಮೂಗು ಹಚ್ಚಿ ಮೂಸಿದಳು. ಕಾಲಿನ ಸಗಣಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಭೀಮಾ!" ಎಂದು ಕೂಗಿ ಅವನ ಕಾಲು ತಬ್ಬಿಕೊಂಡಳು.

"ಇಲ್ಲ ಪುಟ್ಟಾ, ನಾ ನಿಮ್ಮಪ್ಪ."

"ಅಪ್ಪಾನೂ ಹೌದು, ಭೀಮನೂ ಹೌದು. ಮತ್ಯಾರು ಆ ನೀರು ಹಾಕ್ಕೊಂಡೀರಿ?"

ಮಲ್ಲೇಶ ಕೈ ಎತ್ತಿದ. ಗುರುಬಸವ್ವ ಎತ್ತಲೋ ಬೇಡವೋ ಎಂದು ಅರ್ಧ ಎತ್ತಿದಳು. ಅಲ್ಲಿಗೆ ನಮ್ಮ ಮನೆಯಲ್ಲಿ ಮೂವರು ಭೀಮರಾದರು. ಇಂಚರಾ ಅವರನ್ನು ಬಾಗಿಲ ಬದಿಗೆ ಕೂರಿಸಿ ತಲೆಗೆ ಚೆಂಡುಹೂ ಸಿಕ್ಕಿಸಿದಳು. ಗುರುಬಸವ್ವನ ತುರುಬಿನಲ್ಲಿ ಉತ್ತರಾಣಿ ಕಡ್ಡಿ ಚೆನ್ನಾಗಿ ನಿಂತಿತು. ಅಳಿಯನ ತಲೆಯಲ್ಲಿ ಕೂದಲು ಕಡಿಮೆ, ಅವನು ಕಡ್ಡಿಯನ್ನು ಕೈಯಲ್ಲೇ ಹಿಡಿದು ಕುಳಿತ.

ಆಮೇಲೆ ಭೀಮರು ಉಣ್ಣಬೇಕಾಯಿತು. ರುದ್ರೇಶ ಹೊಟ್ಟೆ ಕರಗಿಸಲೆಂದು ಸಿಹಿ ಬಿಟ್ಟವನು. ಇಂಚರಾ ಹೋಳಿಗೆ ಮುರಿದು ಮುರಿದು ಅವನ ಬಾಯಿಗೆ ಇಟ್ಟಳು. ಬೇಡ ಎಂದರೆ ಮತ್ತೆ ಆ ತುಟಿ.

"ತಿನ್ರಿ ಭಾವಾರ. ಬಕಾಸುರಗ ಕಳಿಸಿದ ಬಂಡಿ ಇನ್ನೂ ಖಾಲಿ ಆಗಿಲ್ಲ," ಎಂದ ಮಲ್ಲೇಶ, ತಾನೂ ಬಾಯಿ ತುಂಬ ತುಂಬಿಕೊಂಡು.

ಗುರುಬಸವ್ವನಿಗೆ ಯಾರೂ ಬಲವಂತ ಮಾಡಬೇಕಾಗಲಿಲ್ಲ. "ತುಪ್ಪ ಎಲ್ಲಿ ವೈನಿ? ಭೀಮ ಒಣಾ ಹೋಳಗಿ ತಿಂತಾನೇನು?" ಎಂದು ಕೇಳಿ ಹಾಕಿಸಿಕೊಂಡಳು.

ಮಧ್ಯಾಹ್ನಕ್ಕೆ ಅಳಿಯ ಜಗಲಿಯ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದ. ಕಾರು ಬಿಡುವುದಿರಲಿ, ಮಗ್ಗಲು ಬದಲಿಸುವ ಶಕ್ತಿಯೂ ಅವನಲ್ಲಿರಲಿಲ್ಲ. ಇಂಚರಾ ಪಕ್ಕದಲ್ಲಿ ಕುಳಿತು ಅವನ ಹೊಟ್ಟೆ ತಟ್ಟುತ್ತ ಜೋ ಜೋ ಎನ್ನುತ್ತಿದ್ದಳು.

"ಭಾಳ ತಟ್ಟಬ್ಯಾಡವ್ವಾ," ಎಂದಳು ಗುರುಬಸವ್ವ. "ಚಪ್ಪಟಿ ಆದ ಅಂದ್ರ ನಾ ಮತ್ತ ಒಲಿಗೆ ಹಾಕೇನು."

ಸಂಜೆ ಎದ್ದವನು ಊರಿಗೆ ಹೋಗುವ ಮಾತೆತ್ತಿದ. ಇಂಚರಾ ಕೇಳಲೇ ಇಲ್ಲ. ಭೀಮರು ಮೂವರೂ ಒಂದೇ ಮನೆಯಲ್ಲಿ ಇರಬೇಕು, ಒಬ್ಬನನ್ನೇ ಅಂಬಿಕಾನಗರಕ್ಕೆ ಒಯ್ಯುವ ಹಾಗಿಲ್ಲ ಎಂದು ಅವಳ ಕಟ್ಟಪ್ಪಣೆ. ಅವನು ಜಗಲಿಯ ಮೇಲೆ ನಿಂತು ಸಾಹೇಬರಿಗೆ ಫೋನು ಮಾಡಿದ. "ಹೊಟ್ಟಿ ಭಾರ ಆಗೈತ್ರಿ ಸರ್, ನಾಡಿದ್ದ ಬರ್ತೇನಿ," ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತದಿಗೆಯ ದಿನ ಮಲ್ಲೇಶ ಹೊಸ ಅಂಗಿ ತೊಟ್ಟು ಮಣೆಯ ಮೇಲೆ ಕುಳಿತ. ದಾನೇಶ್ವರಿ ಆರತಿ ತಟ್ಟೆ ಹಿಡಿದು ಬಂದಳು. ಇಂಚರಾ ಅಡ್ಡ ನಿಂತು, ಭೀಮ ಅಂದರೆ ಎಲ್ಲ ಭೀಮರೂ ಕೂರಬೇಕು ಎಂದಳು. ಅಡುಗೆಮನೆಯಿಂದ ಮತ್ತೆರಡು ಮಣೆ ಬಂದವು. ಗುರುಬಸವ್ವ ಕುಪ್ಪಸ ಸರಿಮಾಡಿಕೊಂಡು ಕುಳಿತಳು. ವರ್ಷವರ್ಷ ನನಗೆ ಆರತಿ ಬೆಳಗಿದವಳು, ಒಮ್ಮೆಯೂ ಬೆಳಗಿಸಿಕೊಂಡವಳಲ್ಲ. ಅವತ್ತು ಅವಳು ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು. ರುದ್ರೇಶನೂ ಕುಳಿತ.

ದಾನೇಶ್ವರಿ ಅಲ್ಲಿಯೇ ನಿಂತುಬಿಟ್ಟಳು. "ಅವ್ವಾ, ಗಂಡಗ ಹೋಗಿ ತಮ್ಮನ ಆರತಿ ಹೆಂಗ ಮಾಡ್ಲಿ?"

"ಆತಗ ಯಾರು ಮಾಡಂದ್ರು? ಭೀಮಗ ಮಾಡು," ಎಂದಳು ಗುರುಬಸವ್ವ, ಕಣ್ಣು ಮುಚ್ಚಿಕೊಂಡೇ.

ಮಗಳಿಗೆ ನಗು ತಡೆಯಲಾಗಲಿಲ್ಲ. ತಟ್ಟೆ ನಡುಗಿ ದೀಪ ಓಲಾಡಿತು. ಶಿವಗಂಗವ್ವ ಮುಂದೆ ಬಂದು ಆ ತಟ್ಟೆಗೆ ತನ್ನ ಕೈಯನ್ನೂ ಆನಿಸಿದಳು.

"ನಗೂದು ಪೂರಾ ಮುಗಿಸವ್ವಾ, ಆಮ್ಯಾಲ ಬೆಳಗು. ಗಡಿಬಿಡಿ ಏನೈತಿ?"