ಸೀದಾ ಸುತ್ತು

ಕರೆಂಟಿನ ವಿಷಯದಲ್ಲಿ ಮರಿಲಿಂಗಮ್ಮನಿಗೆ ಗೊತ್ತಿದ್ದದ್ದು ಒಂದೇ: ಅದರ ತಂಟೆಗೆ ಹೋಗಬಾರದು. ಅಂಥವಳು ಆ ದಿನ ಬೆಳಿಗ್ಗೆಯಿಂದ ಶಹಾಪುರದ ಸುಲ್ತಾನಸಾಬನ ಟೀವಿ ರಿಪೇರಿ ಅಂಗಡಿಯಲ್ಲಿ ಕಾಲು ಚಾಚಿ ಕೂತು, ಅಂಗೈಯಗಲದ ಕರೀ ಚೌಕಟ್ಟಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು.

ಅಂಗಡಿ ಅನ್ನುವುದು ಹೆಸರಿಗೆ. ಡಬ್ಬಾ ಟೀವಿಗಳ ಕಾಲ ಮುಗಿದ ಮೇಲೆ ಅಲ್ಲಿಗೆ ಬರುತ್ತಿದ್ದದ್ದು ಮಿಕ್ಸರು, ಟೇಬಲ್ ಫ್ಯಾನು, ಹರಟೆಯ ಜನ. ಈಚೆಗೆ ಅದೂ ನಿಂತಿತ್ತು. ಸುಲ್ತಾನಸಾಬನ ಕಣ್ಣಿಗೆ ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ, ಹತ್ತಿ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. "ಊದುಗೊಳವಿ ಒಳಗಿಂದ ನೋಡಿದಂಗ ಆಗ್ಯಾದ ತಂಗಿ. ನಿನ್ನ ಮೂಗು ಕಾಣ್ತದ, ಕಿವಿ ಕಾಣಂಗಿಲ್ಲ" ಅನ್ನುತ್ತಿದ್ದ. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಕಲಬುರಗಿಯ ಡಾಕ್ಟರು ಹೇಳಿ ಕಳಿಸಿದ್ದರು.

ಬಸ್ಸಿಳಿದು ಮನೆಗೆ ಬಂದವನೇ ಅವನು ಅಂದದ್ದು: "ಪೂರಾ ಕತ್ತಲಾಗೂದರಾಗ ಉಸ್ತಾದರ ಬತ್ತಿ ಒಂದ್ಸಲ ನೋಡಬೇಕು."

ಹೆಂಡತಿ ಮದೀನಾಬೀ ಹಣೆ ಬಡಿದುಕೊಂಡಳು. "ಮಂದಿ ಮೊಮ್ಮಕ್ಕಳ ಮಾರಿ ನೋಡಬೇಕು ಅಂತಾರ. ನಮ್ಮವರಿಗಿ ಟ್ಯೂಬ್‌ಲೈಟ್ ನೋಡಬೇಕಂತ."

ಆ ಬತ್ತಿಯ ಕತೆ ಓಣಿಗೆಲ್ಲ ಬಾಯಿಪಾಠ. ನಲವತ್ತು ವರ್ಷದ ಹಿಂದೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ, ಟೀವಿ ಕೆಲಸ ಕಲಿಸುತ್ತಿದ್ದ ಉಸ್ತಾದರು ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಬ್ಯಾಟರಿಗೆ ಏನೇನೋ ಜೋಡಿಸಿ, ಬರೀ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದು ನಿಂತರಂತೆ. ತಂತಿಯಿಲ್ಲ, ಚೋಕಿಲ್ಲ, ಪಟ್ಟಿಯಿಲ್ಲ. ಟ್ಯೂಬು ಕೈಯಲ್ಲೇ ಹತ್ತಿತಂತೆ. ಸುಲ್ತಾನಸಾಬ ಇದನ್ನು ಹೇಳಿದಾಗಲೆಲ್ಲ ಜನ ಹೂಂಗುಟ್ಟಿ, ಬೆನ್ನ ಹಿಂದೆ ಫೇಕೂಸಾಬ, ಬುರುಡೆ ಬಿಡುವವ, ಎಂದು ನಗುತ್ತಿದ್ದರು. ಅವನಿಗೂ ಅದನ್ನು ಮಾಡಿ ತೋರಿಸಲು ನಾಳೆ, ನಾಡಿದ್ದು ಅನ್ನುತ್ತಲೇ ನಲವತ್ತು ವರ್ಷ ಕಳೆದಿತ್ತು. ಈಗ ಮಾಡೋಣವೆಂದರೆ ತಂತಿಯ ಎಳೆ ಕಣ್ಣಿಗೆ ಸಿಗುತ್ತಿರಲಿಲ್ಲ.

ಅದಕ್ಕೇ ಮರಿಲಿಂಗಮ್ಮ. ಸಗರದಿಂದ ಬಂದು ಅಂಗಡಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದವಳು. ಕೌದಿ ಹೊಲಿಯುವ ಕೈ; ಅವಳು ಹಾಕಿದ ಹೊಲಿಗೆ ಇರುವೆ ಸಾಲು ನಡೆದಂತೆ ಇರುತ್ತಿತ್ತು.

"ಇದು ಎಲ್‌ಓಟಿ" ಎಂದು ಸುಲ್ತಾನಸಾಬ ಕಪಾಟಿನಿಂದ ತೆಗೆದ ಸಾಮಾನನ್ನು ಅವಳ ಕೈಗಿಟ್ಟಿದ್ದ. "ಟೀವಿ ಒಳಗ ಸಾವಿರಗಟ್ಟಲೆ ವೋಲ್ಟ್ ಹುಟ್ಟಸಾಂವ ಇಂವ. ಕಲರ್ ಟೀವಿದು ನಡಿಯಂಗಿಲ್ಲ, ಅದರ ಹೊಟ್ಟ್ಯಾಗ ಡಯೋಡ್ ಇರ್ತದ. ಬ್ಲ್ಯಾಕ್ ಆ್ಯಂಡ್ ವೈಟ್‌ದ ಬೇಕು. ಈಗ ಈ ಚೌಕಟ್ಟಿನ ಖಾಲಿ ಕಾಲಿಗಿ ಎರಡು ಬ್ಯಾರೆ ಬ್ಯಾರೆ ಸುತ್ತು ಹಾಕೂದು. ದೊಡ್ಡ ಸುತ್ತು ಹೊಡೀತದ. ಸಣ್ಣದು ಟ್ರಾನ್ಸಿಸ್ಟರಿಗಿ 'ಈಗ ಹೊಡಿ, ಈಗ ಬಿಡು' ಅಂತ ಹೇಳ್ತದ. ಸೆಕೆಂಡಿಗಿ ಇಪ್ಪತ್ತು ಸಾವಿರ ಸಲ."

"ಇಪ್ಪತ್ತು ಸಾವಿರ ಸಲ ಹೇಳಾಕ ಅದಕ್ಕ ಬಾಯಿ ನೋಯಂಗಿಲ್ಲೇನ್ರಿ ಅಣ್ಣಾ?"

"ನಿಮ್ಮ ವೈನಿನ್ನ ಕೇಳು."

ಒಳಗಿನಿಂದ ಮದೀನಾಬೀ ಲೋಟ ಕುಕ್ಕಿದ ಸದ್ದು ಬಂತು.

ದೊಡ್ಡ ಸುತ್ತನ್ನು ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಾನೇ ಹಾಕಿಸಿದ. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತು, "ಸಣ್ಣದೂ ಸೀದಾ ಸುತ್ತು ತಂಗಿ, ಮರೀಬ್ಯಾಡ" ಎಂದು ಹೋದ. ಮರಿಲಿಂಗಮ್ಮ ಮರೆಯಲಿಲ್ಲ. ಒಂದೆಳೆ ಇನ್ನೊಂದರ ಮೇಲೆ ಹತ್ತದಂತೆ, ಗೆರೆ ಎಳೆದ ಹಾಗೆ ಸೀದಾ ಸುತ್ತಿದಳು.

ಅವನು ಬಂದು ಬೆರಳಿನಿಂದ ಸವರಿ ನೋಡಿ, "ಮಷಿನ್ ಸುತ್ತಿದಂಗ ಅದ" ಎಂದ. ಟ್ರಾನ್ಸಿಸ್ಟರಿನ ಕಾಲು, ರೆಸಿಸ್ಟರು, ಬ್ಯಾಟರಿಯ ತಂತಿ, ಒಂದೊಂದನ್ನೂ ಅವನು ಹೇಳಿದಂತೆ ಅವಳು ಜೋಡಿಸಿದಳು. ಎಲ್‌ಓಟಿಯಿಂದ ಹೊರಟ ದಪ್ಪ ವೈರಿನ ತುದಿಯನ್ನು ಗಾಜಿನ ಬಾಟಲಿಯ ಕುತ್ತಿಗೆಗೆ ಕಟ್ಟಿ ನಿಲ್ಲಿಸಿದ್ದಾಯಿತು. ಸ್ವಿಚ್ ಒತ್ತಿದ.

ಏನೂ ಇಲ್ಲ.

ತಂತಿ ಬಿಚ್ಚಿ ಮೀಟರು ಹಚ್ಚಿದ. ಮದೀನಾಬೀ ಕನ್ನಡಕ ಹಾಕಿಕೊಂಡು ಮುಳ್ಳು ಎಲ್ಲಿ ನಿಂತಿದೆ ಎಂದು ಓದಿ ಹೇಳಿದಳು. ಎಲ್ಲ ಸರಿ ಇತ್ತು. ಮತ್ತೆ ಒತ್ತಿ, ಮತ್ತೆ ಆರಿಸಿ, ಟ್ರಾನ್ಸಿಸ್ಟರಿನ ನೆತ್ತಿಗೆ ಬೆರಳಿಟ್ಟು ತಟ್ಟನೆ ತೆಗೆದ. "ಕಾಯಾಕತ್ತ್ಯಾದ, ಕಿಂಯ್ ಅಂತ ಹಾಡವಲ್ದು. ಇದು ಸುಟ್ಟರ ಇನ್ನೊಂದು ನನ್ನ ಹಂತ್ಯಾಕ ಇಲ್ಲ. ಸುರಪುರ, ಯಾದಗಿರಿ ಎಲ್ಲಾ ಕೇಳಿಸೀನಿ. ಈ ಮಾಲು ಈಗ ಯಾರೂ ಇಡಂಗಿಲ್ಲ."

ಬ್ಯಾಟರಿಯ ತಂತಿ ಬಿಚ್ಚಿಟ್ಟ. ಆಮೇಲೆ ಯಾರಿಗೂ ಹೇಳದವನಂತೆ ಅಂದ, "ಉಸ್ತಾದರ ಅಂಗಿ ತೋಳಿನಾಗ ವೈರ್ ಇತ್ತೋ ಏನೋ. ಸಣ್ಣಾಂವ ಇದ್ದೆ. ಮಂದಿ ಅನ್ನೂದ ಖರೆ ಇರಬೇಕು."

ಅವನಿಗೆ ನಗುವುದು ಗೊತ್ತಿತ್ತು, ಜಗಳ ಗೊತ್ತಿತ್ತು. ತನ್ನ ಕಣ್ಣೇ ಕಂಡದ್ದನ್ನು ಹೀಗೆ ಬಿಟ್ಟುಕೊಡುವುದನ್ನು ಮರಿಲಿಂಗಮ್ಮ ನೋಡಿರಲಿಲ್ಲ. ಆ ಕಣ್ಣಿಗೆ ಉಳಿದಿದ್ದ ನೋಟವೇ ಒಂದು ಹಿಡಿ.

ಮದೀನಾಬೀ ಒಳಗೆ ಹೋಗಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಬಡಿಸಿ ತಂದಳು. ಅವನು ಮೋರೆ ಎತ್ತದೆ ಎಡಗೈ ಚಾಚಿದ.

"ಸೀದಾ ಹಾತ್ ಸೇ ಲೇವ್ ಜೀ" ಎಂದು ಅವಳು ತಾಟು ಹಿಂದಕ್ಕೆ ಎಳೆದುಕೊಂಡಳು.

ಮರಿಲಿಂಗಮ್ಮ ಚಾಚಿದ ಕೈಯನ್ನೇ ನೋಡಿದಳು. "ಅವರ ಕೈ ಸೀದಾನ ಅದಲ್ಲ ವೈನಿ. ಎಲ್ಲಿ ಸೊಟ್ಟ ಆಗ್ಯಾದ?"

"ಏ ಹುಚ್ಚಿ, ನಮ್ಮ ಮಾತಿನಾಗ ಸೀದಾ ಅಂದ್ರ ಬಲಗೈ. ಎಡಗೈ ಅಂದ್ರ ಉಲ್ಟಾ."

ಮರಿಲಿಂಗಮ್ಮನ ಕೈಯಲ್ಲಿದ್ದ ರೊಟ್ಟಿಯ ಚೂರು ಅಲ್ಲೇ ನಿಂತಿತು. "ಅಣ್ಣಾ, ಸಣ್ಣದು ಸೀದಾ ಸುತ್ತು ಅಂದಿರಲ್ಲ..."

"ಹೂಂ. ಬಲಕ್ಕ."

"ನಾ ಸೀದಾ ಸುತ್ತೀನ್ರಿ. ಸೊಟ್ಟ ಇಲ್ಲದಂಗ. ಆದ್ರ ಎಡಕ್ಕ. ದಾರ ಸುತ್ತೂದು ನಾನು ಯಾವತ್ತಿದ್ದರೂ ಎಡಕ್ಕ."

ಸುಲ್ತಾನಸಾಬನ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೆ ಅಂದುಕೊಂಡರೆ ನಗುತ್ತಿದ್ದ. "ಹೊಡಿ ಅನ್ನೂ ಹೊತ್ತಿಗಿ ಬಿಡು ಅಂತ ಹೇಳಾಕತ್ತಿತ್ತು ಅದು! ನಲವತ್ತು ವರ್ಷ ಮೆಕ್ಯಾನಿಕ್ ಅದೀನಿ, ಮೊದಲ ಆ ತುದಿ ತಿರುವಿ ನೋಡಬೇಕಿತ್ತು. ನಿನ್ನ ಸುತ್ತು ಅಷ್ಟು ಚಂದ ಇತ್ತು ನೋಡು, ಅದರ ಮ್ಯಾಲೆ ಗುಮಾನಿನ ಬರ್ಲಿಲ್ಲ."

"ಬಿಚ್ಚಿ ಮತ್ತ ಸುತ್ತಲೇನ್ರಿ?"

"ಬ್ಯಾಡ. ಸಣ್ಣದರ ಎರಡು ತುದಿ ಅದಲುಬದಲು ಮಾಡು, ಸಾಕು."

ರೊಟ್ಟಿ ತಾಟಿನಲ್ಲೇ ಉಳಿಯಿತು. ಮರಿಲಿಂಗಮ್ಮ ತುದಿ ಬದಲಿಸಿ, ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿದಳು. ಮದೀನಾಬೀ ಶಟರ್ ಎಳೆದಳು; ಹೊರಗೆ ಸುಡುವ ಬಿಸಿಲು, ಒಳಗೆ ಕತ್ತಲು. ಸುಲ್ತಾನಸಾಬ ಮರಿಲಿಂಗಮ್ಮನಿಗೆ ಕಟ್ಟುನಿಟ್ಟು ಹೇಳಿದ: "ಕಟ್ಟಿಗಿ ಮಣಿ ಮ್ಯಾಲೆ ನಿಂದ್ರು. ಒಂದು ಕೈ ಬೆನ್ನ ಹಿಂದ. ಟ್ಯೂಬಿನ ಗಾಜು ಹಿಡಿ, ತುದಿ ತಗಡು ಮುಟ್ಟಬ್ಯಾಡ. ಬಾಟಲಿಯಿಂದ ಒಂದು ಗೇಣು ದೂರ." ಹಿಡಿದದ್ದು ತಿಪ್ಪೆಗೆ ಹೋಗಬೇಕಿದ್ದ ಟ್ಯೂಬು, ಎರಡೂ ತುದಿ ಕಪ್ಪಗಾದದ್ದು.

ಸ್ವಿಚ್ ಒತ್ತಿದ. ಕಿವಿಯ ಅಂಚಿನಲ್ಲಿ ಸೊಳ್ಳೆಗಿಂತ ಸಣ್ಣ ದನಿಯೊಂದು ಎದ್ದಿತು. ಸಿಡಿಲು ಬಿದ್ದ ಮೇಲೆ ಬಯಲಿನಲ್ಲಿ ಬರುವಂಥ ವಾಸನೆ ಬಂತು. ಮರಿಲಿಂಗಮ್ಮ ಟ್ಯೂಬನ್ನು ಮೆಲ್ಲಗೆ ಮುಂದೆ ಚಾಚಿದಳು.

ಗಾಜಿನೊಳಗೆ ಬೆಳಕು ಬಂದು ಕೂತಿತು.

ಎಲ್ಲಿಂದ ಬಂತು, ಯಾವ ದಾರಿಯಿಂದ ಬಂತು, ಅವಳಿಗೆ ತಿಳಿಯಲಿಲ್ಲ. ಬಾಟಲಿಗೂ ಟ್ಯೂಬಿಗೂ ನಡುವೆ ಖಾಲಿ ಗಾಳಿ. ಆ ಗಾಳಿಯಲ್ಲೇ ಏನೋ ನಡೆದು ಬಂದು ಸತ್ತ ಗಾಜನ್ನು ಹಾಲಿನ ಬಣ್ಣದಲ್ಲಿ ತುಂಬಿತ್ತು. ಬಿಸಿಯಿಲ್ಲ, ಭಾರವಿಲ್ಲ. ಅವಳ ಮೈಮೇಲಿನ ಕೂದಲು ನಿಂತವು. ಹಗಲೆಲ್ಲ ಮಾತಾಡುವ ಮದೀನಾಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಹತ್ತಲಿಲ್ಲೇನು?" ಎಂದ ಸುಲ್ತಾನಸಾಬ.

ಅವನು ನೇರ ಅದರ ಕಡೆಗೇ ಮುಖ ಮಾಡಿದ್ದ. ಕಣ್ಣು ಮಾತ್ರ ಕತ್ತಲೆಯನ್ನು ತಡಕಾಡುತ್ತಿತ್ತು. "ಹೇಳ್ರಿ ಯಾರರೆ. ಹತ್ತಲಿಲ್ಲ ಅಂದ್ರ ಇಲ್ಲ ಅನ್ರಿ."

"ಹತ್ಯಾದ ಅಣ್ಣಾ. ಸುಮ್ಮನ ಇರ್ರಿ, ತರ್ತೀನಿ." ಮರಿಲಿಂಗಮ್ಮ ಬಾಟಲಿಯ ಕಡೆಯ ತುದಿಯನ್ನು ಅಲ್ಲೇ ಬಿಟ್ಟು, ತನ್ನ ಕಡೆಯ ತುದಿಯನ್ನು ಕೂದಲೆಳೆಯಷ್ಟೇ ಸರಿಸುತ್ತ ಅವನ ನೋಟದ ಕಿಂಡಿಯನ್ನು ಹುಡುಕಿದಳು. ಎಡಕ್ಕೆ. ಇನ್ನೂ ಮೇಲೆ.

ಅವನ ಕಣ್ಣು ಹಿಡಿದು ನಿಂತಿತು.

"ಅರೇ" ಎಂದ, ಉಸಿರಿನಲ್ಲಿ. "ಉದ್ದ ಅದ ಅಲ್ಲ? ನನಗ ಗೇಣು ಕಾಣಾಕತ್ತ್ಯಾದ. ತುದಿ ಸಿಗವಲ್ದು."

ಮರಿಲಿಂಗಮ್ಮ ಮುಷ್ಟಿಯನ್ನು ಟ್ಯೂಬಿನ ಮೇಲೆ ಬಾಟಲಿಯ ಕಡೆಗೆ ಚೂರು ಜಾರಿಸಿದಳು. ಬೆಳಕೂ ಮುಷ್ಟಿಯ ಜೊತೆ ಅತ್ತ ಸರಿಯಿತು! ಅವಳು ಹಿಡಿದಲ್ಲಿಗೇ ಅದು ಮುಗಿಯುತ್ತಿತ್ತು. ಆಚೆಗೆ ಬರೀ ಮಸುಕು. ಅವಳು ಉಸಿರು ಬಿಗಿಹಿಡಿದು ಮತ್ತೂ ಜಾರಿಸಿದಳು. ಎರಡಡಿ ಇದ್ದದ್ದು ಒಂದಡಿಯಾಯಿತು, ಒಂದು ಗೇಣಾಯಿತು, ಅವನ ಕಣ್ಣಿನ ಕಿಂಡಿ ಎಷ್ಟಿತ್ತೋ ಅಷ್ಟೇ ಆಯಿತು.

"ಈಗ್ರಿ?"

ಹಾಲುಬೆಳಕು ಸುಲ್ತಾನಸಾಬನ ಗಡ್ಡದ ಮೇಲೆ ಬಿದ್ದಿತ್ತು.

"ಪೂರಾ" ಎಂದ. "ಈ ತುದಿಯಿಂದ ಆ ತುದಿತನಕ, ಪೂರಾ ಕಾಣಾಕತ್ತ್ಯಾದ."