ಕಿತ್ತ ಬ್ರೇಕು

ಮೇಜು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿ ಸೋತರು. ಲಾರಿ ಡ್ರೈವರ್ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದ. ಕಬ್ಬಿಣದ ಕಾಲುಗಳನ್ನು ನೆಲಕ್ಕೇ ಬೋಲ್ಟ್ ಹಾಕಿ ಬಿಗಿದಿತ್ತು.

"ಸತ್ತ ಮೇಲೂ ಮೇಸ್ತ್ರಿ ನಮ್ಮ ಕೈಲಿ ಕೆಲಸ ಮಾಡಿಸ್ತಾನಲ್ಲಪ್ಪ," ಅಂದ. ಎಲ್ಲರಿಗೂ ನಗು ಬಂದಿತ್ತು, ಯಾರೂ ನಗಲಿಲ್ಲ.

ಆಸ್ಪತ್ರೆಯಿಂದ ಹೆಣ ತರುವ ಗಾಡಿ ಇನ್ನರ್ಧ ಗಂಟೆಯಲ್ಲಿ ಬರುವುದಿತ್ತು. ಮಲಗಿಸಲು ಜಾಗವಿದ್ದದ್ದು ಈ ಮುಂದಿನ ಕೋಣೆಯಲ್ಲಿ ಮಾತ್ರ. ಇಪ್ಪತ್ತೆಂಟು ವರ್ಷ ಅದೇ ಮೇಸ್ತ್ರಿಯ ವರ್ಕ್‌ಶಾಪು. ಮರ ಕೊಯ್ಯುವ ಮಿಷನ್ನುಗಳನ್ನು ಅಲ್ಲೇ ಬಿಚ್ಚಿ, ಅಲ್ಲೇ ಕಟ್ಟಿ ಕೊಡುತ್ತಿದ್ದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೋಡಿ ನೋಡಿ ಹೇಳಿದಳು: "ಹದಿನಾರರ ಸ್ಪ್ಯಾನರ್ ಕೂರಲ್ಲ ಅದಕ್ಕೆ. ಹದಿನೇಳರದು ಗೋಡೆಯ ಎರಡನೇ ಮೊಳೆಯಲ್ಲಿದೆ, ತಗೊಳ್ಳಿ."

ಬೋಲ್ಟುಗಳು ಕಿರುಗುಟ್ಟುತ್ತ ಬಿಟ್ಟುಕೊಂಡವು. ಮೇಜು ಸರಿದಾಗ ಗೋಡೆಯ ಬುಡದಲ್ಲಿ ಗೋಣಿಯ ಗಂಟೊಂದು ಕಂಡಿತು. ಅವಳ ತಮ್ಮ ಅದನ್ನು ಬಲಗೈಯಿಂದ ಎಳೆದ. ಅವನ ಎಡಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ಕಿರುಬೆರಳು ಎರಡೇ. ಗಂಟು ಬಿಚ್ಚಿ ಒಳಗಿದ್ದ ಹಳೇ ಮಿಷನ್ನು ನೋಡಿದವನು ಹಾಗೇ ಕೂತುಬಿಟ್ಟ.

"ಇದನ್ನ ಬಿಸಾಕ್ಲಿಲ್ವಾ ಅಕ್ಕ?"

"ಅವರು ಒಂದು ನಟ್ಟು ಬಿಸಾಕಿದ್ದು ನೋಡಿದೀಯೇನೋ?"

*

ಹನ್ನೊಂದು ವರ್ಷದ ಹಿಂದೆ ಆ ಮಿಷನ್ನನ್ನು ಗುಜರಿಯಿಂದ ಹೊತ್ತು ತಂದವನು ತಮ್ಮನೇ. ಪಿಸ್ಟನ್ ಮೈತುಂಬ ಗೀರು ಬಿದ್ದಿತ್ತು.

"ಭಾವ, ಇದಕ್ಕೆ ಜೀವ ಕೊಡಿ. ಬರೀ ಜೀವ ಸಾಲದು, ಒಂಚೂರು ಸೊಕ್ಕೂ ಕೊಡಿ. ಈ ಸಲ ದೊಡ್ಡ ದೊಡ್ಡ ಮರ ಇವೆ."

ಮೂರು ಭಾನುವಾರ ಹಿಡಿಯಿತು. ಮೇಸ್ತ್ರಿ ಹೊಸ ಪಿಸ್ಟನ್, ಹೊಸ ರಿಂಗು ಹಾಕಿದ. ಒತ್ತಡ ಹೆಚ್ಚಲೆಂದು ಸಿಲಿಂಡರಿನ ಕೆಳಗಿದ್ದ ತೆಳು ಗ್ಯಾಸ್ಕೆಟ್ ತೆಗೆದು ಸಿಲಿಂಡರನ್ನೇ ಕೂದಲೆಳೆಯಷ್ಟು ಇಳಿಸಿದ. ಪಿಸ್ಟನ್ನಿನ ತಲೆಗೆ ಜಾಗ ಉಳಿಯಿತೇ ಎಂದು ತಿಳಿಯಲು ಪ್ಲಗ್ಗಿನ ತೂತಿನಲ್ಲಿ ಸೀಸದ ತಂತಿ ಇಳಿಬಿಟ್ಟು ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆದ. ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡುವಾಗ ಹೆಂಡತಿ ಟಾರ್ಚು ಹಿಡಿದಿದ್ದಳು.

"ಅಲ್ಲಾಡಿಸಬೇಡ್ವೇ. ಒಂದು ಗೀರು ಹೆಚ್ಚಾದ್ರೆ ರಿಂಗು ಸಿಕ್ಕಾಕೊಳ್ಳತ್ತೆ."

"ಕೈ ನೋಯ್ತಿದೆ ರೀ."

"ನಂದೇನು ಮರದ್ದಾ?"

ಮೂರನೇ ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಹಗ್ಗ ಎಳೆದು ಮಿಷನ್ ಶುರು ಮಾಡಿದರು. ತೊಡೆ ದಪ್ಪದ ದಿಮ್ಮಿ ಬೆಣ್ಣೆಯ ಹಾಗೆ ಎರಡಾಯಿತು.

"ಭಾವ, ಇದು ಮಿಷನ್ನಲ್ಲ, ಗೂಳಿ!"

ಮೇಸ್ತ್ರಿ ನಕ್ಕ. ಹಿಡಿಕೆಯ ಮುಂದಿನ ಅಡ್ಡಪಟ್ಟಿಯನ್ನು ಬೆರಳಿನಿಂದ ತಟ್ಟಿದ. "ಗೂಳಿಗೆ ಮೂಗುದಾರ ಈ ಬ್ರೇಕು. ಮಿಷನ್ ಮುಖಕ್ಕೆ ಎಗರಿದ್ರೆ ಚೈನ್ ನಿಲ್ಲಿಸೋದು ಇದೇ. ಇದನ್ನ ಮಾತ್ರ ಮುಟ್ಟಬೇಡ."

ಎರಡು ತಿಂಗಳಿಗೆ ಮಿಷನ್ ಎಗರಿತು. ಮೂರು ಬೆರಳು ಹೋದವು.

ಆಮೇಲೆ ಮೇಸ್ತ್ರಿ ಯಾರ ಮಿಷನ್ನಿಗೂ ಪವರ್ ಹೆಚ್ಚಿಸಿ ಕೊಡಲಿಲ್ಲ. ದೂರದಿಂದ ಹುಡುಕಿಕೊಂಡು ಬಂದವರಿಗೂ ಒಂದೇ ಮಾತು: "ಕಂಪನಿಯವನು ಕೊಟ್ಟಷ್ಟು ಸಾಕು. ಮರ ಎಲ್ಲೂ ಓಡಿಹೋಗಲ್ಲ." ಚೈನು ಹರಿತ ಮಾಡುವುದು, ಪ್ಲಗ್ಗು ಬದಲಿಸುವುದು, ಇಷ್ಟೇ. ಎಂಜಿನ್ನಿನ ದನಿ ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ ದಿನವಿಡೀ ಚೈನಿನ ಹಲ್ಲು ಉಜ್ಜುತ್ತ ಕೂತ. ಭಾವಮೈದ ಬಂದರೆ "ಊಟ ಆಯ್ತಾ?" ಎಂದು ಕೇಳಿ ಮೇಜಿನ ಕಡೆ ತಿರುಗಿಬಿಡುತ್ತಿದ್ದ.

*

ಹೆಣ ಬಂತು. ಮೇಜಿದ್ದ ಜಾಗದಲ್ಲೇ ಮಲಗಿಸಿದರು. ನೋಡಲು ಬಂದವರು ಒಬ್ಬೊಬ್ಬರಾಗಿ ಹೊರಗೆ ಹೋಗಿ ನಿಂತ ಮೇಲೆ ತಮ್ಮ ಗೋಡೆಗೆ ಒರಗಿ ಕೂತ.

"ಅಕ್ಕ, ಆವತ್ತು ಬ್ರೇಕ್ ಇರಲಿಲ್ಲ."

ಅವಳು ಗಂಡನ ಅಂಗಿಯ ಕಾಲರು ಸರಿಮಾಡುತ್ತಿದ್ದಳು.

"ನಾನೇ ಕಿತ್ತಿದ್ದೆ. ಕೊಂಬೆ ಸವರುವಾಗ ಅದು ಪದೇ ಪದೇ ತಾಗಿ ಚೈನ್ ನಿಂತ್ಹೋಗ್ತಿತ್ತು. ಭಾವ ತಮ್ಮದೇ ತಪ್ಪು ಅಂದ್ಕೊಂಡ್ರು. ನಾನು ಬಾಯಿ ಬಿಡಲಿಲ್ಲ."

"ಗೊತ್ತು."

"ನಿಂಗಾ?"

"ಅವರಿಗೂ. ನೀನು ಆಸ್ಪತ್ರೇಲಿದ್ದಾಗ ಮಿಷನ್ ಮನೆಗೆ ತಂದ್ರಲ್ಲ, ಮೊದಲು ನೋಡಿದ್ದೇ ಅದನ್ನ. ಬ್ರೇಕಿನ ಸ್ಕ್ರೂ ತೂತಿನಲ್ಲಿ ಮರದ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಕಿತ್ತು ತಿಂಗಳಾಗಿರಬೇಕು ಅಂದ್ರು."

"ಮತ್ತೆ ನನ್ನ ಯಾಕೆ ಕೇಳಲಿಲ್ಲ?"

"ಬೆರಳು ಕಳ್ಕೊಂಡೋನ್ನ ಏನಂತ ಕೇಳೋದು? ಅವನೇ ಹೇಳ್ತಾನೆ ಬಿಡು ಅಂದ್ರು. ಒಂದೆರಡು ವರ್ಷ ನೀನು ಬಂದಾಗೆಲ್ಲ ಕಾದ್ರು. ಆಮೇಲೆ ಕಾಯೋದೂ ಬಿಟ್ರು."

"ಗೊತ್ತಿದ್ದ ಮೇಲೆ ಆ ಕೆಲಸ ಯಾಕೆ ಬಿಡಬೇಕಿತ್ತು?"

"ಹಳೇ ಪವರ್ರೇ ಇದ್ದಿದ್ರೆ ಬರೀ ಗಾಯ ಆಗಿ ಹೋಗ್ತಿತ್ತೇನೋ ಅಂತಿದ್ರು. ಆ 'ಏನೋ' ಇದೆಯಲ್ಲ, ಅದನ್ನೇ ಹಿಡ್ಕೊಂಡು ಕೂತ್ರು."

"ನೀನಾದ್ರೂ ನನಗೆ ಹೇಳಬಾರದಿತ್ತಾ ಅಕ್ಕ?"

ಅವಳು ಕಾಲರು ಬಿಟ್ಟಳು. "ಅವರ ಹತ್ರ ನಿನ್ನ ಪರ ಮಾತಾಡಿದೆ, ನಿನ್ನ ಹತ್ರ ಅವರ ಪರ. ಹನ್ನೊಂದು ವರ್ಷ ಕಣೋ. ನಂಗೂ ಸಾಕಾಗಿದೆ. ಅಳಬೇಕಂದ್ರೆ ಆಮೇಲೆ ಅಳು. ಈಗ ಎದ್ದು ಒಂದು ಕಡೆ ಹಿಡಿ, ಹೊತ್ತಾಯ್ತು."

ಅವನು ಎದ್ದ. ತಲೆಯ ಕಡೆ ಹಿಡಿದ.

ಗುಡ್ಡದ ಮಗ್ಗುಲಿನಲ್ಲಿ ಗುಂಡಿ ತೋಡಿದ್ದರು. ಬಂದವರಲ್ಲಿ ಹೆಚ್ಚಿನವರು ಮರ ಕೊಯ್ಯುವವರೇ. ಒಳ್ಳೆಯ ಅಂಗಿ ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಮಣ್ಣು ಅರ್ಧ ತುಂಬುವ ಹೊತ್ತಿಗೆ ಎದುರಿನ ಗುಡ್ಡದಲ್ಲಿ ಎಲ್ಲೋ ಮಿಷನ್ನೊಂದು ಶುರುವಾಯಿತು. ದನಿ ತೀರ ಕೀರಲು. ಅಷ್ಟೂ ಜನರ ತಲೆ ಆ ಕಡೆ ವಾಲಿತು.

"ಪೆಟ್ರೋಲು ಸಾಲ್ತಿಲ್ಲ ರೀ ಅದಕ್ಕೆ," ಎಂದು ಅವಳು ಪಕ್ಕಕ್ಕೆ ತಿರುಗಿ ಹೇಳಿದಳು. "ಹೀಗೇ ಓಡಿಸಿದ್ರೆ ಪಿಸ್ಟನ್ ಸುಟ್ಟುಹೋಗತ್ತೆ."

ಪಕ್ಕದಲ್ಲಿ ಯಾರೂ ಇರಲಿಲ್ಲ.

ದನಿ ತಟ್ಟನೆ ನಿಂತಿತು. ಆಚೆ ಯಾರೋ ಹಗ್ಗ ಎಳೆದರು. ಮತ್ತೆ ಎಳೆದರು. ಹತ್ತಿಕೊಳ್ಳಲಿಲ್ಲ. ಸನಿಕೆ ಹಿಡಿದವರು ಮಣ್ಣನ್ನು ಹಾಗೇ ಎತ್ತಿ ಹಿಡಿದುಕೊಂಡು, ಇನ್ನೊಂದು ಸಲ ಎಳೆಯುತ್ತಾರೇನೋ ಎಂದು ಕಿವಿಗೊಟ್ಟು ನಿಂತಿದ್ದರು.