ಗಾಜು ಉಬ್ಬುವುದಿಲ್ಲ

ನನ್ನ ತಂಗಿ ಸಾಲ್ಹಾ ಕಣ್ಣಿನ ಆಪರೇಷನ್ನಿಗೆಂದು ಹಡಗು ಹತ್ತಿ ಸ್ಫಾಕ್ಸ್ ಊರಿಗೆ ಹೋದಳು. ಭಾನುವಾರ ಹೋದವಳು ಗುರುವಾರ ಬರುವವಳಿದ್ದಳು. ಹೋಗುವಾಗ ಮನೆಯ ಬೀಗದ ಕೈಯನ್ನೂ ಮೀನಿನ ತೊಟ್ಟಿಯನ್ನೂ ನನಗೆ ಒಪ್ಪಿಸಿದಳು. ಗಾಜಿನ ತೊಟ್ಟಿ, ಒಂದು ಕುರಿಮರಿ ಮಲಗುವಷ್ಟು ಉದ್ದ. ಒಳಗೆ ಮೂರು ಸಣ್ಣ ಮೀನು, ಒಂದು ದೊಡ್ಡ ಕೆಂಪು ಮೀನು. ಕೆಂಪಿನದನ್ನು ಅವಳು ತಂದದ್ದು ಗಂಡ ತೀರಿಕೊಂಡ ವರ್ಷ. ಹನ್ನೊಂದು ವರ್ಷವಾಯಿತು. ಹೆಸರು ಇಟ್ಟಿರಲಿಲ್ಲ. ‘ಅವನು’ ಎನ್ನುತ್ತಿದ್ದಳು, ಗಂಡನನ್ನು ಹೇಳುತ್ತಿದ್ದ ಹಾಗೆಯೇ.

“ದಿನಕ್ಕೆ ಒಂದು ಚಿಟಿಕೆ ತಿಂಡಿ ಅಷ್ಟೇ. ನಲ್ಲಿ ನೀರು ಹಾಗೇ ಹಾಕ್ಬೇಡ, ಅದ್ರಲ್ಲಿ ಔಷಧಿ ಇರುತ್ತೆ. ಒಂದು ದಿನ ಬಾಯಿ ತೆರೆದಿಟ್ಟ ನೀರೇ ಆಗ್ಬೇಕು. ಬಕೆಟ್ಟಲ್ಲಿ ಇಟ್ಟಿದ್ದೀನಿ. ತಿಳೀತಾ?”

“ಐವತ್ತು ವರ್ಷ ನೀರಿನ ಜೊತೆ ಬಾಳಿದವನಿಗೆ ನೀರಿನ ಪಾಠ ಹೇಳ್ತೀಯಾ?”

“ನೀನು ಬಾಳಿದ್ದು ದೋಣಿ ಜೊತೆ ಕಣೋ ಅಣ್ಣ. ನೀರು ಕಂಡ್ರೆ ನಿನಗೆ ಆಗೋದೇ ಇಲ್ಲ.”

ಅದು ನಿಜ. ನಾನು ದೋಣಿಗಳ ಸಂದಿ ಮುಚ್ಚುವವನು. ಹಲಗೆಗಳ ನಡುವೆ ನಾರು ತುರುಕಿ, ಮೇಲೆ ಕಾಯಿಸಿದ ಕರಿ ರಾಳ ಬಳಿಯುವುದು. ಕರ್ಕೆನ್ನಾ ದ್ವೀಪದ ನಮ್ಮ ದಂಡೆಯಲ್ಲಿ ನನ್ನ ಕೈ ಮುಟ್ಟದ ಹಳೆಯ ದೋಣಿ ಇಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಚಾಪೆಯ ಅಂಚು ಒದ್ದೆ. ತೊಟ್ಟಿಯ ಹಿಂದಿನ ಕೆಳಮೂಲೆಯಿಂದ ನೀರು ಜಿನುಗಿ ಗೋಡೆಗುಂಟ ಇಳಿಯುತ್ತಿತ್ತು. ಅಲ್ಲಿ ಪಾತ್ರೆ ಇಡಲು ಜಾಗವಿಲ್ಲ, ತುಂಬಿದ ತೊಟ್ಟಿಯನ್ನು ಸರಿಸುವ ಶಕ್ತಿ ನನಗಿಲ್ಲ. ಆದರೂ ನಾನು ಹೆದರಲಿಲ್ಲ. ಹೊಸ ದೋಣಿ ನೀರಿಗಿಳಿದ ದಿನ ಸೋರಿಯೇ ಸೋರುತ್ತದೆ. ಒಡೆಯ ಬಾಯಿ ಬಡಿದುಕೊಳ್ಳುತ್ತಾನೆ. ಕೂತುಕೋ, ಎನ್ನುತ್ತೇನೆ ನಾನು. ಮರ ನೀರು ಕುಡಿದು ಉಬ್ಬಿ ತನ್ನ ಸಂದಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಮೂರು ದಿನ ಬೇಕು. ಎಷ್ಟೋ ಜನರಿಗೆ ಹಾಗೆ ಹೇಳಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಬಕೆಟ್ಟಿನ ನೀರನ್ನು ತೊಟ್ಟಿಗೆ ಸುರಿದು, ಕೆಳಗೆ ಬಟ್ಟೆ ಹಾಸಿ, ಕೂತುಕೊಂಡೆ.

ಮಂಗಳವಾರಕ್ಕೆ ನೀರು ಒಂದು ಗೇಣು ಇಳಿದಿತ್ತು. ಬಕೆಟ್ಟು ಬರಿದು. ಆಗಸ್ಟಿನಲ್ಲಿ ನಮ್ಮ ನಲ್ಲಿ ಬೆಳಿಗ್ಗೆ ಒಂದು ಗಳಿಗೆ ಕೆಮ್ಮಿ ಸುಮ್ಮನಾಗುತ್ತದೆ. ಅಂದು ಕೆಮ್ಮಲೂ ಇಲ್ಲ.

ಆಸ್ಪತ್ರೆಯಿಂದ ಸಾಲ್ಹಾ ಫೋನು ಮಾಡಿದಳು.

“ಅವನು ಹೇಗಿದ್ದಾನೆ?”

“ಇದ್ದಾನೆ.”

“ತಿಂದನಾ?”

“ತಿಂದ.”

“ನೀನು?”

“ನಾನೂ.”

ಮಧ್ಯಾಹ್ನ ಮನಸ್ಸು ತಡೆಯದೆ ಕೈಯನ್ನು ಹಿಂದಕ್ಕೆ ತೂರಿಸಿ ಆ ಮೂಲೆಗೆ ನಾರು ತುರುಕಿ ರಾಳ ಒತ್ತಿದೆ. ಸೋರುವುದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಾರು ನಾಲಿಗೆಯಂತೆ ಹೊರಗೆ ಬಂತು. ಸಮುದ್ರ ಹೊರಗಿನಿಂದ ಒತ್ತುತ್ತದೆ, ಒತ್ತಿದಷ್ಟೂ ನಾರು ಬಿಗಿಯಾಗುತ್ತದೆ. ಇಲ್ಲಿ ನೀರು ಒಳಗಿನಿಂದ ಒತ್ತುತ್ತಿತ್ತು. ನನ್ನ ಕೈಗೆ ಅದು ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ನಲ್ಲಿ ಅರ್ಧ ಬಕೆಟ್ಟು ಕೊಟ್ಟಿತು. ಅದನ್ನು ಬಾಯಿ ತೆರೆದಿಟ್ಟು, ತಿಜಾನಿಯ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದೆ.

“ಯಾವಾಗಿಂದ ಸೋರ್ತಿದೆ?”

“ಸೋಮವಾರದಿಂದ.”

“ಅಲ್ಲಿಂದ ಇಲ್ಲೀತನಕ ಏನು ಮಾಡ್ತಿದ್ದೆ?”

“ಉಬ್ಬಲಿ ಅಂತ ಕಾಯ್ತಿದ್ದೆ.”

ತಿಜಾನಿ ಗಲ್ಲಾದ ಮೇಲೆ ಕೈ ಬಡಿದು ನಕ್ಕ. “ಅಲ್ಲ ಖಮೈಸಣ್ಣ, ಗಾಜು ಉಬ್ಬುತ್ತಾ? ಇನ್ನೊಂದು ವಾರ ಕಾದಿದ್ರೆ ಮೊಟ್ಟೆ ಇಡ್ತಿತ್ತೇನೋ!” ನನ್ನ ಮುಖ ನೋಡಿ ನಗು ನಿಲ್ಲಿಸಿದ. ಒಂದು ಟ್ಯೂಬು ಅಂಟು ಕೈಗಿಟ್ಟ. “ಒಳಗಿಂದ ಹಚ್ಚಬೇಕು. ಪೂರ್ತಿ ಖಾಲಿ ಮಾಡಿ, ಒಣಗಿಸಿ. ಆಮೇಲೆ ಎರಡು ದಿನ ನೀರು ಮುಟ್ಟಿಸಬಾರದು.”

“ಎರಡು ದಿನ ಮೀನು ಎಲ್ಲಿರಬೇಕು?”

“ಬೇರೆ ಪಾತ್ರೇಲಿ, ಅದರದೇ ನೀರಲ್ಲಿ. ತುಂಬಾ ಇರುತ್ತಲ್ಲ.”

ಸೋಮವಾರ ತುಂಬಾ ಇತ್ತು. ಬಾಟಲಿ ನೀರಾದರೂ ಕೊಡು ಎಂದೆ. ಯಾವುದೋ ಮದುವೆ ಮನೆಯವರು ಹಿಂದಿನ ದಿನವೇ ಊರಿನ ಅಂಗಡಿಗಳಲ್ಲಿದ್ದ ಎಲ್ಲವನ್ನೂ ಹೊತ್ತೊಯ್ದಿದ್ದರು.

ಬಂದು ನೋಡಿದರೆ ತೊಟ್ಟಿಯಲ್ಲಿ ಅವನ ಕೆಂಪು ಬೆನ್ನು ನೀರಿನ ಹೊರಗಿತ್ತು. ನಾಲ್ಕನ್ನೂ ಬಟ್ಟೆ ಒಗೆಯುವ ಅಗಲ ಬೋಗುಣಿಗೆ ಹಾಕಿ, ಉಳಿದ ನೀರನ್ನು ಸುರಿದೆ. ಸಣ್ಣವು ಮುಳುಗಿದವು, ಅವನು ಮುಳುಗಲಿಲ್ಲ. ಬಾಗಿಲಿನಿಂದ ನಲವತ್ತು ಹೆಜ್ಜೆಗೆ ಸಮುದ್ರ, ಅದರಲ್ಲಿ ಒಂದು ಲೋಟವೂ ಅವನಿಗೆ ಆಗದು. ಮಳೆನೀರಿನ ತೊಟ್ಟಿಗಳು ಮೇ ತಿಂಗಳಲ್ಲೇ ಬತ್ತಿದ್ದವು. ಬೆಳಗಿನ ಅರ್ಧ ಬಕೆಟ್ಟಿನ ಮುಂದೆ ನಿಂತೆ, ಅದಕ್ಕಿನ್ನೂ ಒಂದು ದಿನ ತುಂಬಿರಲಿಲ್ಲ. ಹಾಕಿದರೆ ಔಷಧಿ, ಹಾಕದಿದ್ದರೆ ಗಾಳಿ. ಹಾಕಿದೆ.

ಅವನು ಮೊದಲು ಚುರುಕಾದ. ನನಗೆ ಎಂಥ ಖುಷಿಯಾಯಿತು! ಆಮೇಲೆ ಮೇಲಕ್ಕೆ ಬಂದು ಬಾಯಿ ತೆರೆತೆರೆದು ಮುಚ್ಚಿದ. ಬೋಗುಣಿಯ ಅಂಚಿಗೆ ತಲೆ ಬಡಿದ, ಸುತ್ತಿದ, ಮತ್ತೆ ಬಡಿದ. ನಾನು ಕೈ ಇಳಿಸಿ ಹೊಟ್ಟೆಯ ಕೆಳಗೆ ಹಿಡಿದುಕೊಂಡೆ. ಇನ್ನೇನು ಮಾಡುವುದೆಂದು ತಿಳಿಯಲಿಲ್ಲ. ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಅವನು ನನ್ನ ಅಂಗೈಯಲ್ಲಿ ಸುಮ್ಮನಾದ. ಸಣ್ಣವು ಮೂರೂ ಉಳಿದವು.

ಗುರುವಾರ ಸಾಲ್ಹಾ ಬಂದಳು, ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿನಿಂದ ಬೋಗುಣಿ ನೋಡಿದಳು, ಬರಿದಾದ ತೊಟ್ಟಿ ನೋಡಿದಳು. ಸೋರಿದ್ದು, ನಾನು ಕಾದದ್ದು, ನಲ್ಲಿ ನೀರು ಹಾಕಿದ್ದು ಎಲ್ಲ ಹೇಳಿದೆ. ಅವಳು ಅಳಲಿಲ್ಲ.

“ನನ್ನ ಕಣ್ಣಿಗೆ ಬರೋ ಕೇಡು ಅವನ ಮೇಲೆ ಹೋಯ್ತು ಬಿಡು. ಡಾಕ್ಟರು ಏನಂದ್ರು ಗೊತ್ತಾ? ಇನ್ನು ಸೂಜಿಗೆ ದಾರ ಪೋಣಿಸಬಹುದಂತೆ.”

“ಹಾಗಲ್ಲ ಸಾಲ್ಹಾ. ನಾನು ಎರಡು ದಿನ ಸುಮ್ನೆ ಕೂತಿದ್ದೆ.”

“ಬರೆದಿತ್ತು, ಆಯ್ತು. ನಿನ್ನ ಕೈಲಿ ಏನಿದೆ?”

“ಕೈಲೇ ಇತ್ತು ಕಣೇ.”

“ನೀನೇನು ದೇವರಾ? ಹೋಗು, ಕಾಫಿ ಇಡು.”

ಕಾಫಿ ಇಟ್ಟೆ. ಲೋಟ ಹಿಡಿದು ಹೊರಬಂದಾಗ ಅವಳು ಬೋಗುಣಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ತಿರುಗದೆಯೇ ಕೇಳಿದಳು:

“ಒದ್ದಾಡಿದನಾ?”

“ಇಲ್ಲ,” ಎಂದೆ.

“ಆಣೆ ಮಾಡು.”

ನಾನು ಆಣೆ ಮಾಡಿದೆ.